ಹೆಪ್ಪು ತಪ್ಪಿದ ಬೀಡು: ಎರಕದ ಕಬ್ಬಿಣ ಗಟ್ಟಿಯಾಗೋದು ಹೇಗೆ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ಕು ಜನರ ಟೀಮು ಒಂದೇ ಮಧ್ಯಾಹ್ನ ಮೂರು ಡ್ರಿಲ್ ಬಿಟ್ ಹಾಳು ಮಾಡಿತು. ಯಾಕೆ ಹಾಳಾಯ್ತು ಅಂತ ಹುಡುಕುತ್ತಾ ಹೋದಾಗ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಐರನ್-ಕಾರ್ಬನ್ ಡಯಾಗ್ರಾಮ್ ನನಗೆ ಮೊದಲ ಸಲ ಅರ್ಥ ಆಯ್ತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಅದಕ್ಕೇ ಕೆಲವು ಪದಗಳನ್ನು ಹಾಗೇ ಬಿಟ್ಟಿದ್ದೇನೆ, ತಪ್ಪಿದ್ದರೆ ತಿದ್ದಿ. ಒಂದು ಪದ ಮಾತ್ರ ವರ್ಕ್‌ಶಾಪ್‌ನಲ್ಲಿ ಕಲಿತೆ: ಕಾಸ್ಟ್ ಐರನ್‌ಗೆ ನಮ್ಮ ಜನ 'ಬೀಡು' ಅಂತಾರೆ. ಅಜ್ಜಿ ಮನೆಯ ದೋಸೆ ಕಾವಲಿ, ಲೇಥ್‌ನ ಬೆಡ್ಡು, ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ, ಎಲ್ಲ ಬೀಡು.

ಏನಾಯ್ತು ಅಂದ್ರೆ

ನಮ್ಮ ಪ್ರಾಜೆಕ್ಟಿಗೆ ಒಂದು ವೈಬ್ರೇಷನ್ ಟೆಸ್ಟ್ ರಿಗ್ ಬೇಕಿತ್ತು. ಅದರ ಬೇಸ್ ಬೀಡಿನಲ್ಲೇ ಮಾಡೋಣ ಅಂದುಕೊಂಡೆವು, ಯಾಕಂದ್ರೆ ಬೀಡು ಕಂಪನವನ್ನು ಚೆನ್ನಾಗಿ ಹೀರಿಕೊಳ್ಳತ್ತೆ. ಡ್ರಾಯಿಂಗ್ ಮಾಡಿದ್ದು ನಾನು. ನಡುವಿನ ಮೈ 24 ಮಿಲಿಮೀಟರ್ ದಪ್ಪ. ಬೋಲ್ಟ್ ಹಾಕೋಕೆ ಎರಡು ಕಡೆ ಕಿವಿ ಥರ ಚಾಚಿಕೊಂಡ ಭಾಗ, 6 ಮಿಲಿಮೀಟರ್ ದಪ್ಪ. ಸ್ಕ್ರೀನ್ ಮೇಲೆ ತೆಳು ಕಿವಿ ಚೆಂದ ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಟೀಮಿನ ಒಬ್ಬ ಗೆಳೆಯನ ಕಾಕಾ ಬೆಳಗಾವಿಯಲ್ಲಿ ಸಣ್ಣ ಫೌಂಡ್ರಿ ನಡೆಸ್ತಾರೆ. ಬೆಳಗಾವಿಯ ಉದ್ಯಮಬಾಗದ ಕಡೆ ಹೋದವರಿಗೆ ಗೊತ್ತು, ಅಲ್ಲಿ ಫೌಂಡ್ರಿ ಅನ್ನೋದು ನಮ್ಮೂರಲ್ಲಿ ಹೋಟೆಲ್ ಇದ್ದ ಹಾಗೆ. ಶನಿವಾರ ಪ್ಯಾಟರ್ನ್ ಹಿಡ್ಕೊಂಡು ಹೋದೆವು. ಅವರ ಪಂಪ್ ಬಾಡಿಗಳಿಗೆ ಹೊಯ್ಯುವ ಅದೇ ಕಬ್ಬಿಣದಲ್ಲಿ ನಮ್ಮದನ್ನೂ ಹೊಯ್ದುಕೊಡೋದಕ್ಕೆ ಕಾಕಾ ಒಪ್ಪಿದರು. ಅಷ್ಟರಲ್ಲಿ ನಮ್ಮ ಮರಳಿನ ಅಚ್ಚಿನ ಒಂದು ಮೂಲೆ ಕುಸಿಯಿತು. ಅದನ್ನು ಸರಿ ಮಾಡುತ್ತಾ, ನಡುವೆ ಫೋಟೋ ತೆಗೀತಾ ಹತ್ತು ಹನ್ನೆರಡು ನಿಮಿಷ ಕಳೆದೆವು. ಹಾಗಾಗಿ ಆ ಲೇಡಲ್‌ನ ಕಟ್ಟಕಡೆಯ ಕಬ್ಬಿಣ ನಮ್ಮ ಅಚ್ಚಿಗೆ ಬಿತ್ತು.

ಕಾಲೇಜಿಗೆ ತಂದು ಡ್ರಿಲ್ಲಿಂಗ್ ಶುರು ಮಾಡಿದೆವು. ನಡುವಿನ ಮೈಯಲ್ಲಿ ಎರಡು 8 ಮಿಲಿಮೀಟರ್ ತೂತು ಬೆಣ್ಣೆ ಥರ ಆಯ್ತು. ಕಪ್ಪು ಪುಡಿ ಉದುರಿತು, ಕೈಗೆ ಪೆನ್ಸಿಲ್ ಸೀಸದ ಹಾಗೆ ಮೆತ್ತಿಕೊಂಡಿತು. ಆಮೇಲೆ ಕಿವಿಗೆ ಬಿಟ್ ಇಟ್ಟರೆ ಕಿರ್ ಅಂತ ಶಬ್ದ ಬಂತು, ಬಿಟ್ಟಿನ ತುದಿ ನೀಲಿಗಟ್ಟಿತು, ತೂತು ಒಂದು ಮಿಲಿಮೀಟರೂ ಇಳಿಯಲಿಲ್ಲ. ಹೊಸ ಬಿಟ್ ಹಾಕಿದೆವು, ಅದೂ ಹೋಯ್ತು. ಮೂರನೆಯದು ಮುರಿಯಿತು.

ಆಗ ನಾನು ಒಂದು ತಪ್ಪು ಮಾಡಿದೆ. ಟೀಮಿನ ವಾಟ್ಸ್ಯಾಪ್ ಗ್ರೂಪಿನಲ್ಲಿ 'ಫ್ರೀ ಅಂತ ಕೆಟ್ಟ ಮೆಟೀರಿಯಲ್ ಹಾಕಿಕೊಟ್ಟಿದಾರೆ' ಅಂತ ಬರೆದುಬಿಟ್ಟೆ. ಗೆಳೆಯ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಅವನೇ ಕಾಕಾಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿಟ್ಟ. ಕಾಕಾ ಸಿಟ್ಟಾಗಲಿಲ್ಲ. "ತಮ್ಮಾ, ಆ ಕಿವಿ ಒಂದ್ ಮುರದು ನೋಡ್ರಿ. ಒಳಗ ಬೆಳ್ಳಗ ಇದ್ರ ಡ್ರಿಲ್ ಹಾಕಬ್ಯಾಡ್ರಿ" ಅಂದರು.

ಸುತ್ತಿಗೆಯಲ್ಲಿ ಹೊಡೆದೆವು. ಕಿವಿ ಪಟ್ ಅಂತ ಮುರಿಯಿತು. ಒಳಗೆ ಬೆಳ್ಳಿ ಥರ ಬೆಳ್ಳಗಿತ್ತು. ಮೈ ಕಡೆ ಹೋದಂತೆ ಚುಕ್ಕೆ ಚುಕ್ಕೆ, ಇನ್ನೂ ಒಳಗೆ ಬೂದು ಬಣ್ಣ. ಅಂದ್ರೆ ಒಂದೇ ಲೇಡಲ್, ಒಂದೇ ಅಚ್ಚು, ಒಂದೇ ಕೆಮಿಸ್ಟ್ರಿ, ಆದರೂ ಎರಡು ಬೇರೆ ಬೇರೆ ವಸ್ತು. ಮೆಟೀರಿಯಲ್ ಕೆಟ್ಟದ್ದು ಅಂದಿದ್ದ ನನ್ನ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತ್ತು. ಅದು ಯಾಕೆ ಹಾಗಾಯ್ತು ಅಂತ ಈಗ ಒಂದೊಂದೇ ಹೆಜ್ಜೆ ನೋಡೋಣ.

ಹೆಜ್ಜೆ 1: ಬೀಡಿನೊಳಗೆ ಇರೋದೇನು?

ಉಕ್ಕಿಗೂ ಬೀಡಿಗೂ ಮುಖ್ಯ ವ್ಯತ್ಯಾಸ ಕಾರ್ಬನ್. ಶೇಕಡಾ 2ಕ್ಕಿಂತ ಸ್ವಲ್ಪ ಹೆಚ್ಚು ಕಾರ್ಬನ್ ದಾಟಿದರೆ ಅದು ಬೀಡು. ಸಾಮಾನ್ಯವಾಗಿ ಶೇಕಡಾ 3ರಿಂದ 4 ಇರತ್ತೆ, ಜೊತೆಗೆ ಶೇಕಡಾ 1ರಿಂದ 3 ಸಿಲಿಕಾನ್, ಸ್ವಲ್ಪ ಮ್ಯಾಂಗನೀಸ್, ಗಂಧಕ, ರಂಜಕ. ನಮ್ಮ ಬೇಸ್‌ನಲ್ಲಿ ಕಾರ್ಬನ್ 3.3, ಸಿಲಿಕಾನ್ 2.0 ಇತ್ತು.

ದ್ರವದಲ್ಲಿ ಈ ಕಾರ್ಬನ್ ಎಲ್ಲ ಕರಗಿಕೊಂಡಿರತ್ತೆ. ಗಟ್ಟಿಯಾದ ಕಬ್ಬಿಣಕ್ಕೆ ಅಷ್ಟು ಕಾರ್ಬನ್ ಇಟ್ಟುಕೊಳ್ಳೋ ಶಕ್ತಿ ಇಲ್ಲ. ಆಸ್ಟೆನೈಟ್ ಹೆಚ್ಚೆಂದರೆ ಶೇಕಡಾ 2.1ರಷ್ಟು ಹಿಡಿದುಕೊಳ್ಳತ್ತೆ. ಉಳಿದ ಕಾರ್ಬನ್ ಎಲ್ಲಿಗೋ ಹೋಗಬೇಕು. ಹೋಗೋಕೆ ಎರಡು ದಾರಿ ಇದೆ.

ಒಂದು, ಕಾರ್ಬನ್ ಅಣುಗಳೆಲ್ಲ ಒಂದು ಕಡೆ ಸೇರಿ ಗ್ರಾಫೈಟ್ ಆಗೋದು. ಆಗ ಸಿಗೋದು ಬೂದು ಬೀಡು. ಮುರಿದಾಗ ಬಿರುಕು ಗ್ರಾಫೈಟ್ ಹಾಳೆಗಳ ಮೇಲೇ ಓಡತ್ತೆ, ಅದಕ್ಕೇ ಒಳಗೆ ಬೂದು ಬಣ್ಣ ಕಾಣತ್ತೆ. ಡ್ರಿಲ್ ಮಾಡಿದಾಗ ಕೈಗೆ ಮೆತ್ತಿದ ಕಪ್ಪು ಪುಡಿಯೂ ಅದೇ.

ಇನ್ನೊಂದು, ಮೂರು ಕಬ್ಬಿಣದ ಅಣುವಿಗೆ ಒಂದು ಕಾರ್ಬನ್ ಸೇರಿ ಸಿಮೆಂಟೈಟ್ ಆಗೋದು. ಆಗ ಸಿಗೋದು ಬಿಳಿ ಬೀಡು. ಸಿಮೆಂಟೈಟ್ ತುಂಬಾ ಗಟ್ಟಿ, ತುಂಬಾ ಪೆಡಸು. ಬೂದು ಬೀಡಿನ ಬ್ರಿನೆಲ್ ಗಡಸುತನ ಸಾಮಾನ್ಯವಾಗಿ 180ರಿಂದ 240ರ ಆಸುಪಾಸು, ಬಿಳಿ ಬೀಡಿನದು 400ರ ಮೇಲೆ. ನಮ್ಮ ಡ್ರಿಲ್ ಬಿಟ್ ಸೋತಿದ್ದು ಇಲ್ಲಿ.

ಗ್ರಾಫೈಟ್ ಎಷ್ಟು ಜಾಗ ತಗೊಳ್ಳತ್ತೆ ಅಂತ ಒಂದು ಸಣ್ಣ ಲೆಕ್ಕ ಮಾಡೋಣ. 3.3ರಲ್ಲಿ ಸುಮಾರು 0.7 ಕಾರ್ಬನ್ ಪರ್ಲೈಟ್ ಒಳಗೆ ಉಳೀತು ಅಂದುಕೊಳ್ಳಿ, ಗ್ರಾಫೈಟ್‌ಗೆ ಹೋಗೋದು 2.6. ಅಂದ್ರೆ 100 ಗ್ರಾಂ ಬೀಡಿನಲ್ಲಿ 2.6 ಗ್ರಾಂ ಗ್ರಾಫೈಟ್. ಅದರ ಸಾಂದ್ರತೆ 2.2, ಕಬ್ಬಿಣದ್ದು 7.8. ಗ್ರಾಫೈಟ್‌ನ ಗಾತ್ರ 2.6 ÷ 2.2 = 1.18 ಘನ ಸೆಂಟಿಮೀಟರ್. ಉಳಿದ 97.4 ಗ್ರಾಂ ಕಬ್ಬಿಣದ ಗಾತ್ರ 97.4 ÷ 7.8 = 12.49. ಒಟ್ಟಿನಲ್ಲಿ ಗ್ರಾಫೈಟ್‌ನ ಪಾಲು ಸುಮಾರು ಶೇಕಡಾ 8.6. ತೂಕದಲ್ಲಿ ಶೇಕಡಾ ಮೂರಕ್ಕಿಂತ ಕಡಿಮೆ ಇರೋದು ಜಾಗದಲ್ಲಿ ಹತ್ತಿರ ಹತ್ತಿರ ಹನ್ನೆರಡನೇ ಒಂದು ಭಾಗ ಆಗಿಬಿಟ್ಟಿದೆ. ಈ ಲೆಕ್ಕ ಮುಂದೆ ಇನ್ನೊಂದು ಸಲ ಬೇಕಾಗತ್ತೆ, ನೆನಪಿಟ್ಟುಕೊಳ್ಳಿ.

ಹೆಜ್ಜೆ 2: ಎರಡು ದಾರಿಯ ನಡುವೆ ಆರೇ ಡಿಗ್ರಿ

ನಮ್ಮ ಕಬ್ಬಿಣ ತಣ್ಣಗಾಗುತ್ತಾ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಮೊದಲು ಗಟ್ಟಿಯಾಗೋದು ಆಸ್ಟೆನೈಟ್. ಅದು ಜರೀಗಿಡದ ಎಲೆ ಥರ ಕೊಂಬೆ ಕೊಂಬೆಯಾಗಿ ದ್ರವದೊಳಗೆ ಬೆಳೆಯತ್ತೆ. ಇವೇ ಡೆಂಡ್ರೈಟ್‌ಗಳು. ಅವು ಬೆಳೀತಾ ಹೆಚ್ಚುವರಿ ಕಾರ್ಬನ್ನನ್ನು ಪಕ್ಕದ ದ್ರವಕ್ಕೆ ತಳ್ಳುತ್ತವೆ. ಉಳಿದ ದ್ರವದಲ್ಲಿ ಕಾರ್ಬನ್ ಏರುತ್ತಾ ಏರುತ್ತಾ ಯುಟೆಕ್ಟಿಕ್ ಮಟ್ಟಕ್ಕೆ ಬರತ್ತೆ. ಬರೀ ಕಬ್ಬಿಣ ಮತ್ತು ಕಾರ್ಬನ್ ಇದ್ದರೆ ಆ ಮಟ್ಟ ಶೇಕಡಾ 4.3.

ಸಿಲಿಕಾನ್ ಇದ್ದರೆ ಅದೂ ಕಾರ್ಬನ್ ಥರಾನೇ ಲೆಕ್ಕಕ್ಕೆ ಬರತ್ತೆ. ಅದಕ್ಕೆ ಫೌಂಡ್ರಿಯಲ್ಲಿ ಕಾರ್ಬನ್ ಈಕ್ವಿವಲೆಂಟ್, ಅಂದ್ರೆ ಸಿ.ಇ. ಬಳಸ್ತಾರೆ. ರಂಜಕ ಬಿಟ್ಟು ಬರೆದರೆ:

ಸಿ.ಇ. = ಕಾರ್ಬನ್ + (ಸಿಲಿಕಾನ್ ÷ 3)

ನಮ್ಮದಕ್ಕೆ 3.3 + 0.67 = 3.97. 4.3ಕ್ಕಿಂತ ಕಡಿಮೆ, ಆದ್ದರಿಂದ ಹೈಪೋಯುಟೆಕ್ಟಿಕ್.

ಈಗ ಮುಖ್ಯ ಜಾಗಕ್ಕೆ ಬಂದೆವು. ಪುಸ್ತಕದ ಡಯಾಗ್ರಾಮ್‌ನಲ್ಲಿ ಯುಟೆಕ್ಟಿಕ್ ಗೆರೆ ಕೆಲವು ಕಡೆ ಎರಡು ಇರತ್ತೆ, ಒಂದು ಡಾಟೆಡ್, ಒಂದು ಪೂರ್ತಿ ಗೆರೆ. ಪ್ರಿಂಟಿಂಗ್ ಮಿಸ್ಟೇಕು ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ! ಮೇಲಿನದು ಸುಮಾರು 1153 ಡಿಗ್ರಿ, ಗ್ರಾಫೈಟ್‌ನದ್ದು. ಕೆಳಗಿನದು ಸುಮಾರು 1147 ಡಿಗ್ರಿ, ಸಿಮೆಂಟೈಟ್‌ನದ್ದು. ನಡುವೆ ಆರೇ ಡಿಗ್ರಿ. ಈ ಆರು ಡಿಗ್ರಿ ಒಳಗೆ ಗ್ರಾಫೈಟ್ ಮಾತ್ರ ಹುಟ್ಟಬಹುದು. ಅದು ಸಾಕಷ್ಟು ಹುಟ್ಟಿ ಬೆಳೆಯೋ ಮೊದಲೇ ತಾಪ 1147ಕ್ಕಿಂತ ಕೆಳಗೆ ಜಾರಿದರೆ ಸಿಮೆಂಟೈಟ್‌ಗೂ ಬಾಗಿಲು ತೆಗೆಯತ್ತೆ. ಸಿಮೆಂಟೈಟ್ ಒಮ್ಮೆ ಒಳಗೆ ಬಂದರೆ ಬಹಳ ಬೇಗ ಬೆಳೆಯತ್ತೆ.

ಯಾಕೆ ಬೇಗ? ಸಿಮೆಂಟೈಟ್‌ನಲ್ಲಿ ಕಾರ್ಬನ್ ತೂಕದ ಶೇಕಡಾ 6.67 ಮಾತ್ರ. ದ್ರವದಲ್ಲಿ ಈಗಾಗಲೇ 4ರ ಆಸುಪಾಸು ಇದೆ, ಅಣುಗಳು ಹೆಚ್ಚು ದೂರ ಓಡಾಡಬೇಕಿಲ್ಲ. ಗ್ರಾಫೈಟ್ ಅಂದ್ರೆ ಪೂರ್ತಿ ಕಾರ್ಬನ್. ಸುತ್ತಲಿನ ಕಾರ್ಬನ್ ಎಲ್ಲ ಅಲ್ಲಿಗೆ ನಡೆದು ಬರಬೇಕು, ಕಬ್ಬಿಣ ಜಾಗ ಬಿಟ್ಟು ಹೋಗಬೇಕು. ಅದಕ್ಕೆ ಟೈಮ್ ಬೇಕು.

ನಮ್ಮ ಕ್ಯಾಂಟೀನ್ ನೆನಪಿಸಿಕೊಳ್ಳಿ. ಊಟಕ್ಕೆ ಒಂದು ಗಂಟೆ ಟೈಮ್ ಇದ್ದರೆ ಒಂದೊಂದು ಗ್ಯಾಂಗೂ ಹುಡುಕಿಕೊಂಡು ಬಂದು ಒಂದೇ ಟೇಬಲ್‌ಗೆ ಸೇರತ್ತೆ. ಹತ್ತೇ ನಿಮಿಷ ಇದ್ದರೆ ಯಾರ ಪಕ್ಕ ಜಾಗ ಸಿಕ್ಕಿತೋ ಅಲ್ಲೇ ಕೂತು ತಿಂದು ಏಳ್ತೀವಿ. ಮೊದಲನೆಯದು ಗ್ರಾಫೈಟ್, ಎರಡನೆಯದು ಸಿಮೆಂಟೈಟ್.

ಬೀಡಿಗೆ ಸಿಲಿಕಾನ್ ಹಾಕೋದು ಇದಕ್ಕೇ. ಸಿಲಿಕಾನ್ ಮೇಲಿನ ಗೆರೆಯನ್ನು ಮೇಲೆತ್ತಿ ಕೆಳಗಿನದನ್ನು ಕೆಳಗೆ ತಳ್ಳತ್ತೆ. ಶೇಕಡಾ 2 ಸಿಲಿಕಾನ್ ಇದ್ದಾಗ ಆರು ಡಿಗ್ರಿ ಅಂತರ ಮೂವತ್ತು ಡಿಗ್ರಿ ದಾಟತ್ತೆ, ಗ್ರಾಫೈಟ್‌ಗೆ ಓಡಾಡೋಕೆ ಜಾಗ ಸಿಗತ್ತೆ. ಕ್ರೋಮಿಯಂ ಇದರ ಉಲ್ಟಾ, ಅಂತರವನ್ನು ಕಿರಿದು ಮಾಡತ್ತೆ. ಕರಗಿಸೋ ಗುಜರಿಯಲ್ಲಿ ಕ್ರೋಮಿಯಂ ಇರೋ ಉಕ್ಕು ಬೆರೆಯದ ಹಾಗೆ ಫೌಂಡ್ರಿಯವರು ನೋಡಿಕೊಳ್ಳೋದು ಅದಕ್ಕೆ.

ಹೆಜ್ಜೆ 3: ತೆಳು ಕಿವಿ, ದಪ್ಪ ಮೈ, 16 ಪಟ್ಟು

ಒಂದೇ ಕಬ್ಬಿಣಕ್ಕೆ ನಡುವೆ ಟೈಮ್ ಸಿಕ್ಕಿ ಕಿವಿಯಲ್ಲಿ ಯಾಕೆ ಸಿಗಲಿಲ್ಲ? ಇದಕ್ಕೆ ಕಾಸ್ಟಿಂಗ್ ಸಬ್ಜೆಕ್ಟ್‌ನಲ್ಲಿ ಬರೋ ಚ್ವೊರಿನೋವ್ ನಿಯಮ ಸಾಕು. ಗಟ್ಟಿಯಾಗೋಕೆ ಬೇಕಾದ ಸಮಯ, ಗಾತ್ರವನ್ನು ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿ ಬಂದ ಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿರತ್ತೆ.

ಅಗಲವಾದ ತಟ್ಟೆಗೆ, ಅಂಚುಗಳನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ, ಆ ಸಂಖ್ಯೆ ದಪ್ಪದ ಅರ್ಧ. ಮೈಗೆ 12, ಕಿವಿಗೆ 3. ಅನುಪಾತ 4. ಅದರ ವರ್ಗ 16. ಅಂದ್ರೆ ಮೈಗೆ ಸಿಕ್ಕ ಸಮಯದ ಹದಿನಾರನೇ ಒಂದು ಭಾಗ ಮಾತ್ರ ಕಿವಿಗೆ ಸಿಕ್ಕಿದೆ. ಡ್ರಾಯಿಂಗ್‌ನಲ್ಲಿ 6 ಅಂತ ಟೈಪ್ ಮಾಡೋವಾಗ ನಾನು ಬರೀ ದಪ್ಪ ಹೇಳ್ತಿದೀನಿ ಅಂದುಕೊಂಡಿದ್ದೆ. ಒಳಗಿನ ಸ್ಟ್ರಕ್ಚರ್ ಯಾವುದು ಅನ್ನೋದನ್ನೂ ಹೇಳ್ತಿದ್ದೆ ಅಂತ ಗೊತ್ತಿರಲಿಲ್ಲ.

ಹಾಗಂತ ಬಿಳಿ ಯಾವಾಗಲೂ ಕೆಟ್ಟದ್ದಲ್ಲ. ಕೆಲವು ಕ್ಯಾಮ್‌ಶಾಫ್ಟ್‌ಗಳಲ್ಲಿ ಕ್ಯಾಮ್‌ನ ಮೂಗು ಸವೆಯಬಾರದು ಅಂತ ಅಚ್ಚಿನೊಳಗೆ ಆ ಜಾಗದಲ್ಲಿ ಲೋಹದ ತುಂಡು ಇಡ್ತಾರೆ. ಅದಕ್ಕೆ ಚಿಲ್ ಅಂತ ಹೆಸರು. ಅದು ಬಿಸಿಯನ್ನು ಬೇಗ ಎಳೆದುಕೊಂಡು ಅಲ್ಲಿ ಮಾತ್ರ ಬಿಳಿ ಮಾಡತ್ತೆ, ಉಳಿದದ್ದು ಬೂದು. ನಮಗೆ ಬೇಡದ ಜಾಗದಲ್ಲಿ ಆಗಿದ್ದನ್ನೇ ಅವರು ಬೇಕಾದ ಜಾಗದಲ್ಲಿ ಮಾಡಿಕೊಳ್ತಾರೆ.

ಹೆಜ್ಜೆ 4: ಹೆಪ್ಪು

6 ಮಿಲಿಮೀಟರ್ ತೆಳು ಅನ್ನೋದು ನಿಜ. ಆದರೆ ಅಷ್ಟೇ ತೆಳು ಗೋಡೆಯ ಪಂಪ್ ಭಾಗಗಳು ಅದೇ ಲೇಡಲ್‌ನಿಂದ ಚೆನ್ನಾಗೇ ಬಂದಿದ್ದವು. ಹಾಗಾದ್ರೆ ಇನ್ನೇನೋ ಇದೆ.

ದ್ರವದಲ್ಲಿ ಗ್ರಾಫೈಟ್ ಸುಮ್ಮನೆ ಎಲ್ಲೋ ಹುಟ್ಟಲ್ಲ. ಅದಕ್ಕೆ ಕೂರೋಕೆ ಒಂದು ಕಣ ಬೇಕು. ಕರಗಿದ ಕಬ್ಬಿಣದಲ್ಲಿ ಮ್ಯಾಂಗನೀಸ್ ಸಲ್ಫೈಡ್‌ನ ಸೂಕ್ಷ್ಮ ಕಣಗಳಿರುತ್ತವೆ, ಅವುಗಳ ನಡುವಲ್ಲಿ ಇನ್ನೂ ಸಣ್ಣ ಆಕ್ಸೈಡ್. ಅದರ ಮೇಲೆ ಗ್ರಾಫೈಟ್ ಬೆಳೆಯತ್ತೆ. ಗಂಧಕ ಅಂದ್ರೆ ಬರೀ ಕೆಟ್ಟದ್ದು ಅಂತ ಉಕ್ಕಿನ ಪಾಠದಲ್ಲಿ ಓದಿದ್ದೆವು. ಬೂದು ಬೀಡಿಗೆ ಸ್ವಲ್ಪ ಗಂಧಕ ಬೇಕೇ ಬೇಕು.

ಈ ಕಣಗಳ ಸಂಖ್ಯೆ ಹೆಚ್ಚಿಸೋಕೆ ಹೊಯ್ಯುವ ಸ್ವಲ್ಪ ಮುಂಚೆ ಫೆರೋಸಿಲಿಕಾನ್ ಹರಳು ಹಾಕ್ತಾರೆ. ಅದರಲ್ಲಿ ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಕೆಲವೊಮ್ಮೆ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸ್ವಲ್ಪ ಇರತ್ತೆ. ಕಬ್ಬಿಣದ ತೂಕದ ಶೇಕಡಾ ಅರ್ಧಕ್ಕಿಂತ ಕಡಿಮೆ ಸಾಕು. ಇದು ಇನಾಕ್ಯುಲೇಷನ್. ಕನ್ನಡದಲ್ಲಿ ಏನನ್ನೋದು ಅಂತ ಯೋಚಿಸ್ತಿದ್ದೆ. ಫೋನಿನಲ್ಲಿ ಅಮ್ಮನಿಗೆ ವಿವರಿಸಿದಾಗ, "ಹಾಲಿಗೆ ಹೆಪ್ಪು ಹಾಕಿದ ಹಾಗೆ ತಾನೇ?" ಅಂದಳು. ಸರಿಯಾದ ಪದ! ದ್ರವ ಗಟ್ಟಿಯಾಗೋದಕ್ಕೂ ನಾವು ಹೆಪ್ಪುಗಟ್ಟೋದು ಅಂತಾನೇ ಹೇಳ್ತೀವಲ್ಲ.

ಹೆಪ್ಪು ಸರಿಯಾಗಿ ಬಿದ್ದರೆ ಏನಾಗತ್ತೆ? ಸಾವಿರಾರು ಜಾಗದಲ್ಲಿ ಒಟ್ಟಿಗೇ ಗ್ರಾಫೈಟ್ ಹುಟ್ಟತ್ತೆ. ಪ್ರತಿಯೊಂದರ ಸುತ್ತ ಗ್ರಾಫೈಟ್ ಮತ್ತು ಆಸ್ಟೆನೈಟ್ ಜೊತೆ ಜೊತೆಗೆ ಬೆಳೆದು ಒಂದು ಚೆಂಡಿನ ಥರ ಆಗತ್ತೆ, ಅದು ಯುಟೆಕ್ಟಿಕ್ ಸೆಲ್. ಗಟ್ಟಿಯಾಗೋವಾಗ ಬಿಸಿ ಹೊರಗೆ ಬರತ್ತೆ. ಎಷ್ಟು ಜಾಗದಲ್ಲಿ ಬೆಳವಣಿಗೆ ನಡೀತಿದೆಯೋ ಅಷ್ಟು ಬಿಸಿ. ಆ ಬಿಸಿ ತಾಪವನ್ನು ಕೆಳಗಿನ ಗೆರೆಗಿಂತ ಮೇಲೇ ಹಿಡಿದು ನಿಲ್ಲಿಸತ್ತೆ. ಕೂಲಿಂಗ್ ಕರ್ವ್ ತೆಗೆದರೆ ಇಳೀತಾ ಇದ್ದ ಗೆರೆ ಸ್ವಲ್ಪ ಮೇಲಕ್ಕೆ ಏರೋದು ಕಾಣತ್ತೆ, ಅದು ರಿಕ್ಯಾಲೆಸೆನ್ಸ್. ಹೆಪ್ಪು ಕಮ್ಮಿ ಆದರೆ ಸೆಲ್‌ಗಳು ಕಮ್ಮಿ, ಬಿಸಿ ಕಮ್ಮಿ, ತಾಪ ಜಾರಿ 'ಕೆಳಗಿನ ಬಾಗಿಲು' ತೆಗೆಯತ್ತೆ.

ಆದರೆ ಮೊಸರಿಗೂ ಬೀಡಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಾಲಲ್ಲಿ ಹೆಪ್ಪು ಹೊತ್ತು ಕಳೆದಂತೆ ಹೆಚ್ಚಾಗತ್ತೆ. ಕರಗಿದ ಕಬ್ಬಿಣದಲ್ಲಿ ಹೊತ್ತು ಕಳೆದಂತೆ ಕಡಿಮೆಯಾಗತ್ತೆ. ಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ತೇಲಿ ಸ್ಲ್ಯಾಗ್‌ಗೆ ಹೋಗುತ್ತವೆ. ಹತ್ತು ಹದಿನೈದು ನಿಮಿಷದಲ್ಲಿ ಪರಿಣಾಮದ ಬಹುಪಾಲು ಹೋಗಿಬಿಡಬಹುದು. ಇದಕ್ಕೆ ಫೇಡಿಂಗ್ ಅಂತಾರೆ.

ನಾವು ಅಚ್ಚಿನ ಮೂಲೆ ಸರಿ ಮಾಡುತ್ತಾ ಫೋಟೋ ತೆಗೆದಿದ್ದು ಸರಿಯಾಗಿ ಅಷ್ಟೇ ಹೊತ್ತು.

ಇದಕ್ಕೆ ಸಾಕ್ಷಿಯೂ ಇತ್ತು. ಕಾಕಾ ಪ್ರತಿ ಲೇಡಲ್‌ನಿಂದ ಮೊದಲಿಗೊಂದು, ಕೊನೆಗೊಂದು ಸಣ್ಣ ಬೆಣೆ ಹೊಯ್ದಿಡ್ತಾರೆ. ಬೆಣೆಯ ತುದಿ ಚೂಪು, ಬುಡ ದಪ್ಪ. ತುದಿ ಬೇಗ ತಣ್ಣಗಾಗಿ ಬಿಳಿಯಾಗತ್ತೆ, ಬುಡ ಬೂದು. ಮುರಿದು ಎಲ್ಲಿಯ ತನಕ ಬಿಳಿ ಇದೆ ಅಂತ ಅಳೆದರೆ ಆ ಕಬ್ಬಿಣದ ಸ್ವಭಾವ ಗೊತ್ತಾಗತ್ತೆ. ಮುಂದಿನ ವಾರ ಹೋದಾಗ ನಮ್ಮ ದಿನದ ಎರಡೂ ಬೆಣೆ ಸೀಮೆಸುಣ್ಣದ ಗುರುತಿನ ಸಮೇತ ಶೆಲ್ಫ್ ಮೇಲಿದ್ದವು. ಮೊದಲನೆಯದರಲ್ಲಿ ಬಿಳಿ 4 ಮಿಲಿಮೀಟರ್ ಅಗಲ ಇತ್ತು. ಕೊನೆಯದರಲ್ಲಿ 11. "ಕಬ್ಬಿಣ ಅದ ಐತಿ ತಮ್ಮಾ, ಹೊತ್ತ ಬ್ಯಾರೆ" ಅಂದರು ಕಾಕಾ. ಗ್ರೂಪಿನಲ್ಲಿ ನಾನು ಬರೆದಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನಾಗಿಯೇ ಹೇಳಿ ಸಾರಿ ಕೇಳಿದೆ. ನಕ್ಕು ಚಹಾ ತರಿಸಿದರು.

ಹೆಜ್ಜೆ 5: ಮೈಕ್ರೋಸ್ಕೋಪ್‌ನಲ್ಲಿ ಕಂಡಿದ್ದು

ಹಾಳಾದ ಬೇಸ್ ಎಸೆಯಬೇಡಿ, ಇದಕ್ಕಿಂತ ಒಳ್ಳೆ ಸ್ಪೆಸಿಮೆನ್ ಸಿಗಲ್ಲ ಅಂದರು ಮೆಟಲರ್ಜಿ ಲ್ಯಾಬ್‌ನ ಮ್ಯಾಮ್. ಕಿವಿಯಿಂದ ಮೈ ತನಕ ಒಂದು ಪಟ್ಟಿ ಕತ್ತರಿಸಿ, ಎಮರಿ ಪೇಪರ್‌ನಲ್ಲಿ ಹಂತ ಹಂತವಾಗಿ ಉಜ್ಜಿ ಪಾಲಿಶ್ ಮಾಡಿದೆವು. ನೀವು ಮಾಡೋವಾಗ ಒಂದು ವಿಷಯ ನೆನಪಿರಲಿ: ಎಚ್ ಮಾಡೋ ಮೊದಲೇ ಒಂದು ಸಲ ನೋಡಿ. ಗ್ರಾಫೈಟ್ ಆಗಲೇ ಸ್ಪಷ್ಟವಾಗಿ ಕಾಣೋದು. ಆಮೇಲೆ ಶೇಕಡಾ 2 ನೈಟಾಲ್ ಹಚ್ಚಿ ಉಳಿದದ್ದನ್ನು ನೋಡಿ.

100 ಪಟ್ಟಿನಲ್ಲಿ ಮೈಯ ನಡುಭಾಗದಲ್ಲಿ ಬಿಳಿ ಕನ್ನಡಿ ಮೇಲೆ ಕಪ್ಪು ಎಳೆಗಳು, ದಿಕ್ಕು ದೆಸೆ ಇಲ್ಲದೆ ಹರಡಿದ್ದವು. ಇದು ಟೈಪ್ ಎ ಫ್ಲೇಕ್, ಎಲ್ಲರೂ ಬಯಸೋದು. ನಾವು ನೋಡೋದು ಕತ್ತರಿಸಿದ ಮುಖ, ಆದ್ದರಿಂದ ಗೆರೆ ಥರ ಕಾಣತ್ತೆ. ನಿಜವಾಗಿ ಅವು ಬಾಗಿದ ಹಾಳೆಗಳು, ಒಂದು ಸೆಲ್ ಒಳಗೆ ಎಲೆಕೋಸಿನ ಎಲೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಿವಿ ಕಡೆ ಸರಿದಂತೆ ಎಳೆಗಳು ತುಂಬಾ ಸಣ್ಣವಾಗಿ ಡೆಂಡ್ರೈಟ್ ಕೊಂಬೆಗಳ ನಡುವೆ ಗುಂಪುಗಟ್ಟಿದ್ದವು. ಇದು ಟೈಪ್ ಡಿ. ತಾಪ ಚೆನ್ನಾಗಿ ಜಾರಿದೆ, ಆದರೂ ಗ್ರಾಫೈಟ್ ಹೇಗೋ ಗೆದ್ದಿದೆ. ಅದರ ಆಚೆ ಗ್ರಾಫೈಟ್ ಮತ್ತು ಬಿಳಿ ಎರಡೂ ಬೆರೆತ ಚುಕ್ಕೆ ಬೀಡು. ತುದಿಯಲ್ಲಿ ಗ್ರಾಫೈಟೇ ಇಲ್ಲ, ಎಚ್ ಮಾಡಿದ ಮೇಲೆ ಬಿಳಿ ಸಿಮೆಂಟೈಟ್ ನಡುವೆ ಕಪ್ಪು ಚುಕ್ಕೆಗಳ ಜಾಲ, ಅದು ಲೆಡೆಬ್ಯುರೈಟ್. ಇಷ್ಟು ದಿನ ಪುಸ್ತಕದ ನಾಲ್ಕು ಬೇರೆ ಬೇರೆ ಪುಟದಲ್ಲಿ ನೋಡಿದ್ದು ಒಂದೇ ಪಟ್ಟಿಯಲ್ಲಿ ಸಾಲಾಗಿ ಇತ್ತು.

ಹೆಜ್ಜೆ 6: ಗಟ್ಟಿಯಾದ ಮೇಲೂ ಕೆಲಸ ಮುಗಿದಿಲ್ಲ

ದ್ರವ ಎಲ್ಲ ಗಟ್ಟಿಯಾದಾಗ ಬೂದು ಬೀಡಿನಲ್ಲಿ ಇರೋದು ಗ್ರಾಫೈಟ್ ಮತ್ತು ಆಸ್ಟೆನೈಟ್. ಇನ್ನೂ ತಣ್ಣಗಾದಂತೆ ಆಸ್ಟೆನೈಟ್ ಕಾರ್ಬನ್ ಬಿಟ್ಟುಕೊಡತ್ತೆ, ಅದು ಈಗಾಗಲೇ ಇರೋ ಗ್ರಾಫೈಟ್ ಹಾಳೆಗಳ ಮೇಲೇ ಹೋಗಿ ಕೂರತ್ತೆ. 727 ಡಿಗ್ರಿಯ ಸುತ್ತಮುತ್ತ (ಸಿಲಿಕಾನ್ ಇರೋದರಿಂದ ಇನ್ನೂ ಸ್ವಲ್ಪ ಮೇಲೆ) ಉಳಿದ ಆಸ್ಟೆನೈಟ್ ಬದಲಾಗತ್ತೆ. ಬೇಗ ತಣ್ಣಗಾದರೆ ಪರ್ಲೈಟ್, ಗಟ್ಟಿ ಮತ್ತು ಬಲ ಹೆಚ್ಚು. ನಿಧಾನವಾದರೆ ಫೆರೈಟ್, ಮೆತ್ತಗೆ. ಆದ್ದರಿಂದ ಬೀಡನ್ನು ಎರಡು ಪ್ರಶ್ನೆ ಕೇಳಿ ಅರ್ಥ ಮಾಡ್ಕೋಬೇಕು. ಗ್ರಾಫೈಟ್ ಹೇಗಿದೆ? ಅದರ ಸುತ್ತಲಿನ ಮ್ಯಾಟ್ರಿಕ್ಸ್ ಏನು? ಮೊದಲ ಪ್ರಶ್ನೆ 1150ರ ಆಸುಪಾಸಲ್ಲೇ ತೀರ್ಮಾನ ಆಗಿರತ್ತೆ. ಎರಡನೆಯದನ್ನು ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಆಮೇಲೂ ಬದಲಾಯಿಸಬಹುದು.

ಈಗ ಮೊದಲು ಮಾಡಿದ ಶೇಕಡಾ 8.6ರ ಲೆಕ್ಕ ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಲೋಹ ಗಟ್ಟಿಯಾಗೋವಾಗ ಕುಗ್ಗತ್ತೆ, ಅದಕ್ಕೆ ದೊಡ್ಡ ರೈಸರ್ ಇಡಬೇಕು. ಬೂದು ಬೀಡಿನಲ್ಲಿ ಹಗುರವಾದ ಗ್ರಾಫೈಟ್ ಹುಟ್ಟಿ ಜಾಗ ತುಂಬೋದರಿಂದ ಕುಗ್ಗಿದ್ದರ ಬಹುಪಾಲು ಅಲ್ಲೇ ತುಂಬಿಕೊಳ್ಳತ್ತೆ. ಅಚ್ಚು ಗಟ್ಟಿಮುಟ್ಟಾಗಿರಬೇಕು ಅಷ್ಟೆ, ಇಲ್ಲದಿದ್ದರೆ ಆ ಹಿಗ್ಗುವಿಕೆ ಅಚ್ಚಿನ ಗೋಡೆಯನ್ನೇ ಹೊರಗೆ ತಳ್ಳತ್ತೆ.

ಬಿಳಿಯಾದದ್ದನ್ನು ಉಳಿಸೋಕೆ ಆಗಲ್ವಾ? ಆಗತ್ತೆ. 900 ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಇಟ್ಟರೆ ಸಿಮೆಂಟೈಟ್ ಒಡೆದು ಗ್ರಾಫೈಟ್ ಆಗತ್ತೆ. ಅಮೆರಿಕದಲ್ಲಿ ಸೇತ್ ಬಾಯ್ಡನ್ 1826ರಲ್ಲಿ ಬಿಳಿ ಬೀಡನ್ನು ಹೀಗೆ ಕಾಯಿಸಿಯೇ ಮ್ಯಾಲಿಯಬಲ್ ಐರನ್ ಮಾಡಿದ್ದು. ನಮಗೆ ಅಷ್ಟು ಟೈಮೂ ಇರಲಿಲ್ಲ, ಅಷ್ಟು ದೊಡ್ಡ ಫರ್ನೇಸೂ ಇರಲಿಲ್ಲ.

ಹೆಜ್ಜೆ 7: ಗ್ರಾಫೈಟ್‌ನ ಆಕಾರ ಬದಲಾದರೆ

ಗ್ರಾಫೈಟ್ ಹಾಳೆಗಳ ಅಂಚು ಚೂಪು. ಎಳೆದಾಗ ಅಲ್ಲೇ ಒತ್ತಡ ಹೆಚ್ಚಾಗಿ ಬಿರುಕು ಶುರುವಾಗತ್ತೆ. ಅಜ್ಜಿಯ ಕಾವಲಿ ಕೈಜಾರಿ ಬಿದ್ದರೆ ಬಾಗಲ್ಲ, ಒಡೆಯತ್ತೆ. ಅದೇ ಹಾಳೆಗಳು ಕಂಪನವನ್ನೂ ಹೀರುತ್ತವೆ, ಅದಕ್ಕೇ ಲೇಥ್ ಬೆಡ್‌ಗೆ ಬೀಡು.

ಹಾಳೆಯ ಬದಲು ಗ್ರಾಫೈಟ್ ಉಂಡೆಯಾದರೆ? 1943ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯಲ್ಲಿ ಕೀತ್ ಮಿಲ್ಲಿಸ್ ಕರಗಿದ ಬೀಡಿಗೆ ಮೆಗ್ನೀಸಿಯಂ ಸೇರಿಸಿದಾಗ ಆಗಿದ್ದು ಅದು. 1948ರಲ್ಲಿ ಇದು ಹೊರಜಗತ್ತಿಗೆ ಗೊತ್ತಾಯ್ತು. ಅದೇ ಹೊತ್ತಿಗೆ ಬ್ರಿಟನ್‌ನಲ್ಲಿ ಮೊರೋ ಎಂಬವರು ಸೀರಿಯಂ ಬಳಸಿ ಉಂಡೆ ಗ್ರಾಫೈಟ್ ಪಡೆದಿದ್ದರು. ಗಂಧಕ, ಆಮ್ಲಜನಕ ಗ್ರಾಫೈಟ್ ಅಂಚಿಗೆ ಅಂಟಿಕೊಂಡಿದ್ದರೆ ಅದು ಹಾಳೆಯಾಗಿ ಹರಡತ್ತೆ. ಮೆಗ್ನೀಸಿಯಂ ಅವೆರಡನ್ನೂ ಹಿಡಿದು ತೆಗೆದುಬಿಡತ್ತೆ, ಆಗ ಅದು ಎಲ್ಲ ಕಡೆಗೂ ಸಮನಾಗಿ ಬೆಳೆದು ಉಂಡೆಯಾಗತ್ತೆ. ಇದೇ ಎಸ್.ಜಿ. ಐರನ್. ಭಾರತೀಯ ಮಾನಕದಲ್ಲಿ ಎಸ್.ಜಿ. 400/15 ಅಂತ ಒಂದು ಗ್ರೇಡ್ ಇದೆ: 400 ಮೆಗಾಪ್ಯಾಸ್ಕಲ್ ಬಲ, ಶೇಕಡಾ 15 ಉದ್ದವಾಗೋ ಗುಣ. ಬೂದು ಬೀಡು ಶೇಕಡಾ 1ರಷ್ಟೂ ಉದ್ದವಾಗೋದು ಕಷ್ಟ. ಎಸ್.ಜಿ. ಐರನ್‌ಗೂ ಹೆಪ್ಪು ಬೇಕು, ಮೆಗ್ನೀಸಿಯಂ ಕೂಡಾ ಹೊತ್ತು ಕಳೆದಂತೆ ಆರಿ ಹೋಗತ್ತೆ. ಅಲ್ಲಿ ಗಡಿಯಾರ ಇನ್ನೂ ಮುಖ್ಯ.

ಎರಡನೇ ಸಲ

ಪ್ಯಾಟರ್ನ್ ತಿದ್ದಿದೆವು. ಕಿವಿ 6ರಿಂದ 10 ಮಿಲಿಮೀಟರ್ ಆಯ್ತು. ಮೈ ಸೇರೋ ಜಾಗ ದುಂಡಗಾಯ್ತು. ಲೆಕ್ಕ ನೋಡಿ: 5ನ್ನು 3ರಿಂದ ಭಾಗಿಸಿ ವರ್ಗ ಮಾಡಿದರೆ 2.8. ನಾಲ್ಕು ಮಿಲಿಮೀಟರ್ ಹೆಚ್ಚಿಸಿದ್ದಕ್ಕೆ ಸಿಕ್ಕ ಸಮಯ ಹತ್ತಿರ ಹತ್ತಿರ ಮೂರು ಪಟ್ಟು. ಅಚ್ಚನ್ನು ಒಂದು ಗಂಟೆ ಮುಂಚೆಯೇ ಮುಗಿಸಿ, ಫೋನ್ ಬ್ಯಾಗಿನಲ್ಲಿಟ್ಟು ಕಾದೆವು. ಕಾಕಾ ಈ ಸಲ ನಮ್ಮದಕ್ಕೇ ಮೊದಲು ಹೊಯ್ದರು, ಹೊಯ್ಯುವಾಗ ಧಾರೆಯೊಳಗೆ ಒಂದು ಚಿಟಿಕೆ ಹೆಪ್ಪನ್ನೂ ಉದುರಿಸಿದರು. ಕಾಲೇಜಿನಲ್ಲಿ ನಾಲ್ಕೂ ತೂತು ಒಂದೇ ಬಿಟ್ಟಿನಲ್ಲಿ ಆಯ್ತು. ಕಿವಿಯ ತೂತು ಹಾಕೋಕೆ ಹ್ಯಾಂಡಲ್ ಹಿಡಿದಿದ್ದು ಗೆಳೆಯ. ಕಪ್ಪು ಪುಡಿ ಬಿದ್ದಾಗ ಅವನು ಅದನ್ನು ಬೆರಳಲ್ಲಿ ತೆಗೆದು ನನ್ನ ಹಣೆಗೆ ಹಚ್ಚಿದ.

ನೀವೇ ಮಾಡಿ ನೋಡಿ

1. ಕಾರ್ಬನ್ 3.5, ಸಿಲಿಕಾನ್ 2.4 ಇರೋ ಬೀಡಿನ ಸಿ.ಇ. ಎಷ್ಟು? ಮೊದಲು ಗಟ್ಟಿಯಾಗೋದು ಯಾವುದು? (ಉತ್ತರ: 4.3. ಯುಟೆಕ್ಟಿಕ್ ಮಟ್ಟದಲ್ಲೇ ಇದೆ, ಆದ್ದರಿಂದ ಗ್ರಾಫೈಟ್ ಮತ್ತು ಆಸ್ಟೆನೈಟ್ ಸುಮಾರಾಗಿ ಒಟ್ಟಿಗೇ.)

2. 8 ಮತ್ತು 20 ಮಿಲಿಮೀಟರ್ ದಪ್ಪದ ಎರಡು ತಟ್ಟೆಗಳು ಗಟ್ಟಿಯಾಗೋ ಸಮಯದ ಅನುಪಾತ ಎಷ್ಟು? (ಉತ್ತರ: 2.5ರ ವರ್ಗ, 6.25.)

3. ಒಂದು ಕಾಸ್ಟಿಂಗ್‌ನ ತೆಳು ಅಂಚು ಮಾತ್ರ ಬಿಳಿಯಾಗಿದೆ. ತಪ್ಪು ಕೆಮಿಸ್ಟ್ರಿಯದೋ, ಡ್ರಾಯಿಂಗ್‌ನದೋ, ಗಡಿಯಾರದ್ದೋ ಅಂತ ಹೇಗೆ ಪತ್ತೆ ಮಾಡ್ತೀರಿ? ಇದಕ್ಕೆ ಉತ್ತರ ಬರೆಯಲ್ಲ. ಯಾರನ್ನಾದರೂ ಬೈಯೋ ಮೊದಲು ಬೆಣೆ ಮುರಿದು ನೋಡಿ ಅಂತ ಮಾತ್ರ ಹೇಳ್ತೀನಿ.

ನಮ್ಮ ಪಟ್ಟಿ ಈಗಲೂ ಮೆಟಲರ್ಜಿ ಲ್ಯಾಬ್‌ನ ಗಾಜಿನ ಕಪಾಟಿನಲ್ಲಿದೆ. ಮ್ಯಾಮ್‌ನ ಕೇಳಿದರೆ ತೆಗೆದುಕೊಡ್ತಾರೆ. ಎಡಗಡೆಯಿಂದ ನೋಡೋಕೆ ಶುರು ಮಾಡಿ, ಅದು ಕಿವಿ.